ಈ ವರ್ಷ ಎಷ್ಟು ಓದಿದ್ರಿ?

ಕೇಳುಗರಿಗೆಲ್ಲ ನಮಸ್ಕಾರ.

ನಾನು ಮೈಸೂರಿನವನು. ಕೆಲಸ ಮಂಡ್ಯದಲ್ಲಿ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುತ್ತೇನೆ. ಸೀಟು ಸಿಕ್ಕರೆ ಓದುತ್ತೇನೆ, ಸಿಗದಿದ್ದರೆ ಬಾಗಿಲ ಪಕ್ಕ ಒರಗಿಕೊಂಡು ಓದುತ್ತೇನೆ. ಇದನ್ನು ನೋಡಿಯೇ ನಮ್ಮ ಕಚೇರಿಯ ಹುಡುಗಿಯೊಬ್ಬಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಒಂದು ಜನವರಿಯಲ್ಲಿ ಕೇಳಿದಳು: "ಸಾರ್, ಹೇಗೂ ಓದ್ತೀರಲ್ಲ, ನಮ್ಮ ಚಾಲೆಂಜಿಗೆ ನೀವೂ ಸೇರ್ಕೊಳ್ಳಿ. ವರ್ಷಕ್ಕೆ 52 ಪುಸ್ತಕ. ವಾರಕ್ಕೊಂದು ಅಷ್ಟೇ."

ಆ 'ಅಷ್ಟೇ' ಅನ್ನೋ ಮಾತಿಗೆ ನಾನು ಮರುಳಾದೆ.

ಈ ಓದುವ ಸವಾಲು ಈಗ ಬಹಳ ಜನಕ್ಕೆ ಗೊತ್ತು. ಗುಡ್‌ರೀಡ್ಸ್ ಎಂಬ ಜಾಲತಾಣ 2011ರಿಂದ ಇದನ್ನು ನಡೆಸುತ್ತಿದೆ. ವರ್ಷದ ಮೊದಲಲ್ಲಿ ಒಂದು ಸಂಖ್ಯೆ ಬರೆದುಕೊಳ್ಳಬೇಕು. ಒಂದೊಂದು ಪುಸ್ತಕ ಮುಗಿದ ಹಾಗೂ ಗುರುತು ಹಾಕಬೇಕು. ಹಿಂದೆ ಬಿದ್ದರೆ 'ನೀವು ಮೂರು ಪುಸ್ತಕ ಹಿಂದಿದ್ದೀರಿ' ಎಂದು ಅದೇ ಹೇಳುತ್ತದೆ, ಸಾಲ ಕೊಟ್ಟವರ ಥರ. ನಾನು ಜಾಲತಾಣಕ್ಕೆಲ್ಲ ಹೋಗಲಿಲ್ಲ. ಕಚೇರಿಯಲ್ಲಿ ಉಳಿದಿದ್ದ ಒಂದು ಹಳೇ ಡೈರಿ ತಗೊಂಡು ಗೆರೆ ಎಳೆದುಕೊಂಡೆ. ಕ್ರಮಸಂಖ್ಯೆ, ಪುಸ್ತಕದ ಹೆಸರು, ಪುಟ, ಮುಗಿದ ತಾರೀಕು. ಗುಮಾಸ್ತನ ಬುದ್ಧಿ ಎಲ್ಲಿಗೆ ಹೋಗುತ್ತದೆ ಹೇಳಿ.

ಮೊದಲ ಮೂರು ತಿಂಗಳು ಏನು ಉತ್ಸಾಹ! ಸುಮ್ನೆ ಹೇಳಬಾರದು, ಲಾಭವೂ ಆಯಿತು. ಕೈ ತಾನಾಗಿ ಫೋನಿನ ಕಡೆ ಹೋಗೋದು ಕಡಿಮೆಯಾಯಿತು. ನಾಗನಹಳ್ಳಿಗೆ ಐದು ಪುಟ, ಶ್ರೀರಂಗಪಟ್ಟಣಕ್ಕೆ ಹತ್ತು, ಪಾಂಡವಪುರಕ್ಕೆ ಹದಿನೈದು, ಯಲಿಯೂರು ದಾಟುವಾಗ ಇಪ್ಪತ್ತೈದು ಅಂತ ಲೆಕ್ಕ ಕೂತಿತು. ಆ ಹುಡುಗಿಯ ಪಟ್ಟಿಯಲ್ಲಿ ಕೆಲವು ವಿಭಾಗಗಳೂ ಇದ್ದವು. ಬೇರೆ ಭಾಷೆಯಿಂದ ಬಂದ ಒಂದು, ಹೆಂಗಸರು ಬರೆದ ಆತ್ಮಕತೆ ಒಂದು, ನೀವು ಹುಟ್ಟುವ ಮೊದಲೇ ಅಚ್ಚಾದ ಒಂದು, ಹೀಗೆ. ಈ ಕೊನೆಯದಕ್ಕೆ ಅಂತ ಗಳಗನಾಥರ ಹಳೆಯ ಕಾದಂಬರಿಯೊಂದನ್ನು ಹುಡುಕಿ ತಂದೆ. ಅಲ್ಲಿಯವರೆಗೆ ಗಳಗನಾಥರು ನನಗೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಒಂದು ಹೆಸರು ಮಾತ್ರ. ಅವರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಬರೆದವರೇ ಮನೆ ಬಾಗಿಲಿಗೆ ಬಂದು ನಿಂತರೆ ಓದದೇ ಇರೋಕಾಗುತ್ತಾ?

ಆದರೆ ಜೂನ್ ಹೊತ್ತಿಗೆ ನನ್ನಲ್ಲಿ ಒಂದು ಕೆಟ್ಟ ಚಾಳಿ ಶುರುವಾಯಿತು. ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಬೆನ್ನು ನೋಡುವುದು. ದಪ್ಪ ಇದ್ದರೆ ವಾಪಸ್ ಇಡುವುದು. ಕುವೆಂಪು ಅವರ ಕಾದಂಬರಿ ಎರಡೇ, ಎರಡೂ ದಪ್ಪ. ಮತ್ತೊಮ್ಮೆ ಓದಬೇಕು ಅಂತ ಎಷ್ಟೋ ವರ್ಷದಿಂದ ಆಸೆ. ಆದರೆ ಅಂಥದೊಂದು ಮುಗಿಸುವಷ್ಟರಲ್ಲಿ ನಾಲ್ಕು ಸಣ್ಣ ಪುಸ್ತಕ ಮುಗಿಯುತ್ತವೆ, ಡೈರಿಯಲ್ಲಿ ಎರಡಕ್ಕೂ ಒಂದೊಂದೇ ಸಾಲು. ನಷ್ಟದ ವ್ಯಾಪಾರ ಅಲ್ವಾ?

ನವೆಂಬರ್ ಕೊನೆಗೆ ನನ್ನ ಲೆಕ್ಕ 31. ಉಳಿದದ್ದು 21. ಆಮೇಲೆ ನಾನು ಮಾಡಿದ್ದನ್ನು ಬಾನುಲಿಯಲ್ಲಿ ಹೇಳಬಾರದು, ಆದರೂ ಹೇಳುತ್ತೇನೆ. ಏಕಾಂಕ ನಾಟಕಗಳು. ಹದಿನಾರು ಪುಟದ ಮಕ್ಕಳ ಕಥೆಗಳು. ಯಾರದೋ ಮದುವೆಯಲ್ಲಿ ತಾಂಬೂಲದ ಜೊತೆ ಕೊಟ್ಟಿದ್ದ ಸ್ತೋತ್ರದ ಪುಸ್ತಕ. ಒಂದು ರಾತ್ರಿ ಗೋಡೆಗೆ ನೇತುಹಾಕಿದ್ದ ಪಂಚಾಂಗದ ಕಡೆಗೂ ಕಣ್ಣು ಹೋಗಿತ್ತು. ಡಿಸೆಂಬರ್ 30ಕ್ಕೆ 52 ಮುಗಿಯಿತು. ಕಚೇರಿಯಲ್ಲಿ ಮೈಸೂರುಪಾಕು ಹಂಚಿದೆ.

ಆಗ ಆ ಹುಡುಗಿ ಕೇಳಿದಳು, "ಸಾರ್, ಇಷ್ಟರಲ್ಲಿ ನಾನು ಓದಲೇಬೇಕಾದ್ದು ಯಾವುದು?"

ಡೈರಿ ತೆಗೆದೆ. ಹೆಸರುಗಳ ಮೇಲೆ ಬೆರಳು ಆಡಿಸಿದೆ. ಒಂಬತ್ತು ಪುಸ್ತಕಗಳ ಒಳಗೆ ಏನಿತ್ತು ಅನ್ನೋದೇ ನೆನಪಿಗೆ ಬರಲಿಲ್ಲ. ಪುಟ ಎಷ್ಟು ಅಂತ ಇದೆ, ಮುಗಿದ ತಾರೀಕೂ ಇದೆ, ಕಥೆ ಮಾತ್ರ ಇಲ್ಲ.

ಅವತ್ತು ಸಂಜೆ ರೈಲಿನಲ್ಲಿ ಓದಲಿಲ್ಲ. ಸುಮ್ನೆ ಕಿಟಕಿ ಆಚೆ ನೋಡುತ್ತಾ ಕೂತಿದ್ದೆ. ಪಾಂಡವಪುರದ ಸ್ಟೇಷನ್ ಬಂತು. ಈ ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕಮನೆ ಇದೆ, ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಸ್ ಕಂಡಕ್ಟರ್ ಆಗಿದ್ದವರು, ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು, ದುಡಿದದ್ದನ್ನೆಲ್ಲ ಪುಸ್ತಕಕ್ಕೆ ಸುರಿದು ಲಕ್ಷಗಟ್ಟಲೆ ಕೂಡಿಹಾಕಿದ್ದಾರೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬರೀ ಒಂದು ಲಕ್ಷ ಪುಸ್ತಕ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 52ರ ಹಾಗೆ ಓದಿದರೆ 1,900 ವರ್ಷಕ್ಕೂ ಜಾಸ್ತಿ ಬೇಕು. ಲೆಕ್ಕದಲ್ಲಿ ಗೆಲ್ಲುವುದಂತೂ ಇಲ್ಲ ಅಂತ ಖಾತ್ರಿಯಾದ ಮೇಲೆ ಮನಸ್ಸು ಸ್ವಲ್ಪ ಹಗುರಾಯಿತು ಅನ್ನಿ.

ಕಾವೇರಿ ಸೇತುವೆ ದಾಟುವಾಗ ತಾತ ನೆನಪಾದರು.

ನನ್ನ ತಾಯಿಯ ತವರು ಕಡೂರು ಸೀಮೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ಅದೇ ಸೀಮೆಯ ದೇವನೂರಿನವನು. ಹಾಗಾಗಿ ಆ ಕಡೆಯವರಿಗೆ ಅವನು ಮಹಾಕವಿ ಅನ್ನೋದಕ್ಕಿಂತ ಪಕ್ಕದೂರಿನವನು. ಶ್ರಾವಣ ಬಂದರೆ ಊರಲ್ಲಿ ಜೈಮಿನಿ ಓದಿಸುತ್ತಿದ್ದರು. ದೇವಸ್ಥಾನದ ಜಗಲಿಯಲ್ಲಿ ದೀಪ ಹಚ್ಚಿ, ವ್ಯಾಸಪೀಠದ ಮೇಲೆ ಪುಸ್ತಕ ಇಟ್ಟು, ತಾತ ರಾಗವಾಗಿ ಓದುವರು. ಅವರ ಎದುರು ಕೂತ ಇನ್ನೊಬ್ಬರು ಅರ್ಥ ಹೇಳುವರು. ಜೈಮಿನಿಯಲ್ಲಿ 34 ಸಂಧಿ, ಅಂದರೆ ಅಧ್ಯಾಯ. ತಿಂಗಳಿಗೆ ದಿನ ಮೂವತ್ತು. ಅಂದರೆ ದಿನಕ್ಕೆ ಒಂದು ಸಂಧಿಗಿಂತ ಸ್ವಲ್ಪ ಜಾಸ್ತಿ. ಎಲ್ಲಿಂದ ಶುರು, ಯಾವತ್ತು ಮಂಗಳ ಅನ್ನೋದು ಮೊದಲೇ ಗೊತ್ತು. ಕೊನೆಯ ದಿನ ಪೂಜೆ, ಪಾನಕ, ಕೋಸಂಬರಿ. ಇದು ಓದುವ ಸವಾಲಲ್ಲದೆ ಮತ್ತೇನು?

ಚಂದ್ರಹಾಸನ ಕಥೆ ಬರುವ ದಿನ ಜಗಲಿಯಲ್ಲಿ ಕಾಲಿಡೋಕೆ ಜಾಗ ಇರುತ್ತಿರಲಿಲ್ಲವಂತೆ. ಹುಡುಗನನ್ನು ಕೊಲ್ಲಿಸಬೇಕೆಂದು ಮಂತ್ರಿ ದುಷ್ಟಬುದ್ಧಿ ಅವನ ಕೈಯಲ್ಲೇ ಮಗನಿಗೆ ಪತ್ರ ಕಳಿಸುತ್ತಾನೆ, ಇವನಿಗೆ ವಿಷ ಕೊಡು ಅಂತ. ತೋಟದಲ್ಲಿ ಮಲಗಿದ್ದ ಚೆಲುವನನ್ನು ಮಂತ್ರಿಯ ಮಗಳು ನೋಡುತ್ತಾಳೆ. ಅವಳ ಹೆಸರು ವಿಷಯೆ. ಪತ್ರ ಓದಿ, ಒಂದೇ ಒಂದು ಅಕ್ಷರ ತಿದ್ದುತ್ತಾಳೆ. ವಿಷ ಹೋಗಿ ವಿಷಯೆ ಆಗುತ್ತದೆ. ಸಾಯಬೇಕಾದವನು ಅಳಿಯನಾಗುತ್ತಾನೆ. ಊರಿನವರಿಗೆಲ್ಲ ಈ ಕಥೆ ಬಾಯಿಗೆ ಬರುತ್ತಿತ್ತು. ಆದರೂ ಆ ಅಕ್ಷರದ ಹತ್ತಿರ ಬಂದಾಗ ಎಲ್ಲರೂ ಉಸಿರು ಹಿಡಿಯುವರು, ಈ ಸಲ ಎಲ್ಲಿ ಅವಳು ಓದದೇ ಹೋಗಿಬಿಡುತ್ತಾಳೋ ಅಂತ.

ತಾತ ಇದನ್ನು ನಲವತ್ತು ಶ್ರಾವಣ ಓದಿದರು. ಅದೇ ಪುಸ್ತಕ. ನನ್ನ ಡೈರಿಯಲ್ಲಿ ಬರೆದರೆ ನಲವತ್ತು ವರ್ಷಕ್ಕೆ ಒಂದು ಸಾಲು. ಕಚೇರಿಯ ಚಾಲೆಂಜಿನಲ್ಲಿ ಅವರು ಎಲ್ಲರಿಗಿಂತ ಹಿಂದೆ ಇರುತ್ತಿದ್ದರು.

ಆದರೆ ಅವರು ಒಂದು ದಿನವೂ ತಪ್ಪಿಸಿದವರಲ್ಲ. ಯಾಕೆ ಅಂತ ನನಗೆ ಸೇತುವೆ ದಾಟುವ ಆ ಹೊತ್ತಿಗೆ ಹೊಳೆಯಿತು. ಜಗಲಿಯಲ್ಲಿ ಜನ ಕಾಯುತ್ತಿದ್ದರು. ಅಷ್ಟೇ.

ಅಲ್ಲಿಂದ ಹಿಂದಕ್ಕೆ ನೋಡುತ್ತಾ ಹೋದೆ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಕಾದಂಬರಿಗೆ ದಿನಬಾಡಿಗೆ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರೆ ದುಡ್ಡು ಹೆಚ್ಚು, ಜೊತೆಗೆ ಹಿಂದಿನ ಮನೆ ಅಕ್ಕ ಬಂದು ಬಾಗಿಲು ಬಡಿಯುವಳು, "ಮುಗೀತೇನೋ? ಮುಂದಿನ ಪಾಳಿ ನಂದು." ಮನೆಯಲ್ಲಿ ವಾರಪತ್ರಿಕೆ ಬಂದರೆ ಧಾರಾವಾಹಿ ಮೊದಲು ಯಾರು ಓದಬೇಕು ಅಂತ ಜಗಳ. ಸಾರ್ವಜನಿಕ ಗ್ರಂಥಾಲಯದ ಪುಸ್ತಕಕ್ಕಂತೂ ಹಿಂಬದಿಯಲ್ಲಿ ಚೀಟಿ ಅಂಟಿಸಿ ತಾರೀಕಿನ ಮೊಹರು ಹೊಡೆದಿರುತ್ತಿದ್ದರು. ಹದಿನೈದು ದಿನದ ಗಡುವು. ನಮ್ಮ ರಾಜ್ಯದಲ್ಲಿ ಗ್ರಂಥಾಲಯಕ್ಕೆ ಅಂತಲೇ ಕಾಯಿದೆ ಬಂದದ್ದು 1965ರಲ್ಲಿ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತ ನಾವು ಕಟ್ಟುತ್ತಲೇ ಇದ್ದೇವೆ, ಒಳಗೆ ಹೋಗುವುದು ಬಿಟ್ಟಿದ್ದೇವೆ. ಆ ಮೊಹರೇ ನಾನು ಸೇರಿದ ಮೊದಲ ಓದುವ ಸವಾಲು. ಹೆಸರು ಗೊತ್ತಿರಲಿಲ್ಲ.

ನನ್ನ 52ರ ಪಟ್ಟಿಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಡೈರಿಯ ಖಾಲಿ ಗೆರೆಗಳು ಮಾತ್ರ ಕಾಯುತ್ತಿದ್ದವು.

ಈಗಿನ ಮಕ್ಕಳು ಓದುವುದೇ ಇಲ್ಲ ಅನ್ನುವವರಿಗೆ ಒಂದು ಮಾತು. ಹೋದ ಬೇಸಿಗೆಯಲ್ಲಿ ತಂಗಿಯ ಊರಿಗೆ ಹೋಗಿದ್ದೆ. ಅಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 'ಓದುವ ಬೆಳಕು' ಅಂತ ಕಾರ್ಯಕ್ರಮ ಮಾಡಿ ಹಳ್ಳಿ ಮಕ್ಕಳಿಗೆ ಇಂಥ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಟ್ಟರಲ್ಲ, ತಂಗಿಯ ಮಗಳೂ ಆಗಲೇ ಸೇರಿದ್ದಳಂತೆ. ಅಲ್ಲಿನ ಮೇಲ್ವಿಚಾರಕಿ ಒಂದು ಉಪಾಯ ಮಾಡಿದ್ದಾರೆ. ಎಷ್ಟು ಪುಸ್ತಕ ಅಂತ ಕೇಳುವುದಿಲ್ಲ. ಓದಿದ್ದನ್ನು ಶನಿವಾರ ಬೇರೆ ಮಕ್ಕಳಿಗೆ ಹೇಳಬೇಕು. ಆದರೆ ಕೊನೆ ಹೇಳುವ ಹಾಗಿಲ್ಲ. ನಮ್ಮ ಹುಡುಗಿ ನರಿ ಮತ್ತು ಮೊಸಳೆಯ ಕಥೆ ಹೇಳಿ ಸರಿಯಾದ ಜಾಗಕ್ಕೆ ನಿಲ್ಲಿಸಿದಳು. ಐದಾರು ಮಕ್ಕಳು ಆ ಪುಸ್ತಕಕ್ಕೆ ಮುಗಿಬಿದ್ದರು. ಒಂದು ಹಾಳೆ ಹರಿದದ್ದೂ ನಿಜ. ಮೇಲ್ವಿಚಾರಕಿ ಬೈಯಲಿಲ್ಲ, ಗೋಂದು ತಂದರು.

ನನಗೆ ಕೈಸನ್ನೆ ಮಾಡುತ್ತಿದ್ದಾರೆ, ಹೊತ್ತು ಆಗುತ್ತಾ ಬಂತು. ಈ ವರ್ಷದ ನನ್ನ ಸವಾಲಿನ ವಿಷಯ ಹೇಳಿಬಿಡುತ್ತೇನೆ.

ಒಂದೇ ಪುಸ್ತಕ. ಕುಮಾರವ್ಯಾಸ ಭಾರತ. ಹತ್ತು ಪರ್ವ, 8,000ಕ್ಕೂ ಜಾಸ್ತಿ ಪದ್ಯ. ದಿನಕ್ಕೆ 25 ಓದಿದರೆ ವರ್ಷದೊಳಗೆ ಗದಾಪರ್ವ ಮುಗಿಯಬೇಕು. ಯುಗಾದಿಯ ದಿನ ಶುರು ಮಾಡಿದೆ. ಓದುವುದು ನಾನು, ಕೇಳುವುದು ನಮ್ಮಮ್ಮ. ಅವರಿಗೆ ಎಂಬತ್ತೆರಡು, ಕಣ್ಣು ಮಂಜು. ಆದರೆ ಕಿವಿ ಮಾತ್ರ ತಾತನ ಜಗಲಿಯಲ್ಲಿ ಪಳಗಿದ ಕಿವಿ. ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ನಡೆ ಅಲ್ವಾ. ನಾನು ಪದವನ್ನು ತಪ್ಪು ಜಾಗದಲ್ಲಿ ಒಡೆದ ತಕ್ಷಣ ಗೊತ್ತಾಗುತ್ತದೆ. "ಏನೋ ಅದು, ಎಡವಿ ಬಿದ್ದ ಹಾಗೆ ಓದ್ತೀಯ? ಇನ್ನೊಂದ್ಸಲ ಓದು." ಎಷ್ಟೋ ಪದ್ಯಕ್ಕೆ ನನಗೆ ಅರ್ಥ ತಿಳಿಯುವುದಿಲ್ಲ. ಅವರು ಹೇಳುತ್ತಾರೆ. ಅವರಿಗೂ ತಿಳಿಯದಿದ್ದರೆ, "ಇರಲಿ ಬಿಡು, ಕೇಳೋಕೆ ಚೆನ್ನಾಗಿದೆ, ಮುಂದೆ ಓದು" ಅನ್ನುತ್ತಾರೆ.

ವಿರಾಟಪರ್ವ ಓದುವಾಗ ಒಂದು ತಮಾಷೆ. ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇತ್ತು. ನಮ್ಮಮ್ಮ ಓದು ಶುರುವಾಗುವ ಮೊದಲೇ ಮಹಡಿ ಮೇಲೆ ಒಣಹಾಕಿದ್ದ ಹಪ್ಪಳ ತೆಗೆಸಿಟ್ಟರು. ಮಳೆ ಬಂತಾ ಅಂತ ಕೇಳಬೇಡಿ. ಎರಡು ದಿನ ಮೋಡವಂತೂ ಇತ್ತು.

ಇಲ್ಲಿಯವರೆಗೆ ಹದಿನಾಲ್ಕು ದಿನ ತಪ್ಪಿದೆ. ಆಡಿಟ್ಟು, ಜ್ವರ, ಒಂದು ದಿನ ರೈಲು ಮೂರು ಗಂಟೆ ತಡ. ತಪ್ಪಿದ ದಿನಗಳನ್ನು ನಾನು ಬರೆದಿಟ್ಟಿಲ್ಲ, ಅಮ್ಮ ಇಟ್ಟಿದ್ದಾರೆ, ಬಾಯಲ್ಲೇ. ಮಾರನೇ ದಿನ ಕೂತ ಕೂಡಲೇ, "ನಿನ್ನೇದೂ ಸೇರಿ ಐವತ್ತು" ಅನ್ನುತ್ತಾರೆ. ಅದನ್ನು ತಪ್ಪಿಸಿಕೊಳ್ಳೋಕೆ ಏಕಾಂಕ ನಾಟಕ, ಸ್ತೋತ್ರದ ಪುಸ್ತಕ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಮೊನ್ನೆ ಕಚೇರಿಯ ಹುಡುಗಿ ಕೇಳಿದಳು, ಈ ವರ್ಷ ಎಷ್ಟಾಯ್ತು ಸಾರ್ ಅಂತ. ಇನ್ನೂ ಸೊನ್ನೆ ಅಂದೆ. ಒಂದು ಪುಸ್ತಕವೂ ಮುಗಿದಿಲ್ಲವಲ್ಲ. ಅವಳದು 37 ಆಗಿದೆಯಂತೆ. ನಿಜವಾಗಿ ಓದುವ ಹುಡುಗಿ ಅವಳು, ಒಂದೊಂದರ ಬಗ್ಗೆಯೂ ಅರ್ಧ ಗಂಟೆ ಮಾತಾಡುತ್ತಾಳೆ. ನನ್ನ ಥರ ಅಲ್ಲ.

ನಾವೀಗ ದ್ರೋಣಪರ್ವದಲ್ಲಿದ್ದೇವೆ. ಅಭಿಮನ್ಯು ಚಕ್ರವ್ಯೂಹದ ಒಳಗೆ ಹೋಗಿದ್ದಾನೆ. ನಿನ್ನೆ ಅಲ್ಲಿಗೆ 25 ಮುಗಿಯಿತು ಅಂತ ಪುಸ್ತಕ ಮುಚ್ಚಿದೆ. ಅಮ್ಮ ಏನೂ ಅನ್ನಲಿಲ್ಲ. ಇವತ್ತು ಬೆಳಿಗ್ಗೆ ಹೊರಡುವಾಗ ಬಾಗಿಲ ತನಕ ಬಂದು, "ಆಕಾಶವಾಣಿಯಲ್ಲಿ ಜಾಸ್ತಿ ಮಾತಾಡ್ತಾ ಕೂತ್ಕೋಬೇಡ, ಬೇಗ ಬಾ. ಆ ಹುಡುಗ ಒಬ್ಬನೇ ಇದ್ದಾನೆ ಅಲ್ಲಿ" ಅಂದರು.

ಹೊರಡುತ್ತೇನೆ. ನಮಸ್ಕಾರ.