ಲಿಸ್ಬನ್ ಮೆಟ್ಟಿಲ ಮೇಲೆ ಅಕ್ಕ ತಮ್ಮ

ಎಲ್ಲರಿಗೂ ನಮಸ್ಕಾರ.

ಕಳೆದ ವರ್ಷ ಜೂನ್ ತಿಂಗಳಲ್ಲಿ ನಾನೂ ನನ್ನ ತಮ್ಮನೂ ಬೆನ್ನಿಗೆ ಒಂದೊಂದು ಬ್ಯಾಗು ಹಾಕಿಕೊಂಡು ಪೋರ್ಚುಗಲ್ಲಿನ ಲಿಸ್ಬನ್ ನಗರಕ್ಕೆ ಹೋಗಿ ಒಂಬತ್ತು ದಿನ ಇದ್ದು ಬಂದೆವು. ನನಗೆ 39, ಅವನಿಗೆ 33. ಹೊರಡುವ ವಿಷಯ ಹೇಳಿದ ಕೂಡಲೇ ನೆಂಟರೆಲ್ಲ ಕೇಳಿದ್ದು ಒಂದೇ ಮಾತು, 'ಗಂಡ ಮಕ್ಕಳನ್ನು ಬಿಟ್ಟು ತಮ್ಮನ ಜೊತೆ ಯಾಕೆ?' ಅಂತ. ನಾನು ಆಗ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಇವತ್ತು ಕೊಡುತ್ತೇನೆ.

ನನ್ನ ಮದುವೆಯಾದ ಮೇಲೆ ನಾವಿಬ್ಬರೂ ಮೂರು ದಿನಕ್ಕಿಂತ ಜಾಸ್ತಿ ಒಟ್ಟಿಗೆ ಇದ್ದದ್ದೇ ಇಲ್ಲ. ಚೌತಿಗೆ ಬರುವುದು, ಯಾರದೋ ಮದುವೆಗೆ ಬರುವುದು, ತಿಥಿಗೆ ಬರುವುದು. ಬಂದವರಿಗೆ ಬಡಿಸುವುದು, ಪಾತ್ರೆ ಎತ್ತುವುದು. ಅಷ್ಟರಲ್ಲಿ ಬೆಂಗಳೂರಿನ ಬಸ್ಸಿಗೆ ಹೊತ್ತಾಯಿತು. ಹದಿನೈದು ವರ್ಷ ಹೀಗೇ ಕಳೆಯಿತು. ಅವನು ಕುಂದಾಪುರದಲ್ಲಿ, ಊರಿನ ಮನೆಯಲ್ಲಿ. ಅಪ್ಪನ ಕಾಯಿಲೆ ನೋಡಿಕೊಂಡವನೂ ಅವನೇ. ನಾನು ಫೋನಿನಲ್ಲಿ 'ಹೇಗಿದ್ದಾರೆ' ಅಂತ ಕೇಳುತ್ತಿದ್ದೆ, ಅವನು 'ಅಡ್ಡಿಲ್ಲ' ಅನ್ನುತ್ತಿದ್ದ. ಅಷ್ಟೇ ನಮ್ಮ ಮಾತು. ಅಣ್ಣ ತಮ್ಮ, ಅಕ್ಕ ತಂಗಿ ದೊಡ್ಡವರಾದ ಮೇಲೆ ಒಮ್ಮೆಯಾದರೂ, ಯಾರ ಮನೆಯೂ ಅಲ್ಲದ ಕಡೆ, ಕೆಲಸವೇನೂ ಇಲ್ಲದೆ ಹತ್ತು ದಿನ ಒಟ್ಟಿಗೆ ಇರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆಗ.

ಲಿಸ್ಬನ್ ಯಾಕೆ ಅಂದರೆ, ನಮ್ಮ ಊರು ಬಸ್ರೂರಿನ ಪಕ್ಕ. ಬಸ್ರೂರಿನಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ್ದರು. ಅಲ್ಲಿಂದ ಅಕ್ಕಿ ಗೋವೆಗೆ ಹೋಗುತ್ತಿತ್ತು, ಕಪ್ಪದ ರೂಪದಲ್ಲೂ ಹೋಗುತ್ತಿತ್ತು. ಚಿಕ್ಕವರಿದ್ದಾಗ ಹೊಳೆ ದಂಡೆಯಲ್ಲಿ ಆಡುವಾಗ ಅಜ್ಜ 'ಇಲ್ಲಿಂದಲೇ ಪೋರ್ಚುಗೀಸರ ಹಡಗು' ಅಂತ ಕೈ ತೋರಿಸುತ್ತಿದ್ದರು. ಆ ಹಡಗು ಹೊರಟ ಊರನ್ನು ನೋಡಬೇಕು ಅಂತ ತಮ್ಮನಿಗೆ ಆಗಿನಿಂದಲೂ ಆಸೆ.

ದುಬೈ ದಾಟಿ ಲಿಸ್ಬನ್ನಿನಲ್ಲಿ ಇಳಿದೆವು. ವಿಮಾನ ನಿಲ್ದಾಣದಿಂದಲೇ ಮೆಟ್ರೊ ಇದೆ. ಕೆಂಪು ಲೈನಿನಲ್ಲಿ ಹೊರಟು, ಅಲಮೇಡ ಅನ್ನುವ ನಿಲ್ದಾಣದಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಮಾರ್ಟಿಮ್ ಮೊನಿಜ಼್‌ನಲ್ಲಿ ಇಳಿದೆವು. ಇಳಿದು ಮೇಲೆ ಬಂದರೆ ಸುತ್ತ ಬಾಂಗ್ಲಾದೇಶದವರ, ನಮ್ಮವರ, ನೇಪಾಳದವರ ಅಂಗಡಿಗಳು. ಬೆಂಡೆಕಾಯಿ, ಕೊತ್ತಂಬರಿ ಸೊಪ್ಪು, ಅಕ್ಕಿ ಮೂಟೆ. ಉಳಿದದ್ದು ಹಾಸ್ಟೆಲಿನಲ್ಲಿ. ಒಂದು ಕೋಣೆಯಲ್ಲಿ ಎಂಟು ಮಂಚ, ಮೇಲೊಂದು ಕೆಳಗೊಂದು. ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಒಬ್ಬರಿಗೆ ರಾತ್ರಿಗೆ 30 ಯೂರೊ ಆಸುಪಾಸು, ಅದರ ಮೇಲೆ ನಗರದವರ ತೆರಿಗೆ 4 ಯೂರೊ. ಬೀಗ ನಾವೇ ಒಯ್ದಿದ್ದೆವು, ಅದು ಒಳ್ಳೆಯದಾಯಿತು. ನಲ್ಲಿ ನೀರನ್ನೇ ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಕಿಲ್ಲ.

ಈಗ ಬ್ಯಾಗಿನ ವಿಷಯ. ತಮ್ಮನ ಬ್ಯಾಗು 7 ಕಿಲೊ. ನನ್ನದು 13. ಲಿಸ್ಬನ್ ಗುಡ್ಡಗಳ ಮೇಲೆ ಕೂತ ಊರು. ಏಳು ಗುಡ್ಡ ಅಂತ ಹೇಳುತ್ತಾರೆ, ಹತ್ತುವವರಿಗೆ ಅದಕ್ಕಿಂತ ಜಾಸ್ತಿ ಇದ್ದ ಹಾಗೆ ಅನ್ನಿಸುತ್ತದೆ. ರಸ್ತೆಬದಿಗೆಲ್ಲ ಸಣ್ಣ ಸಣ್ಣ ಬಿಳಿ ಸುಣ್ಣದ ಕಲ್ಲು, ನಡುನಡುವೆ ಕಪ್ಪು ಕಲ್ಲು, ಒಂದೊಂದನ್ನೂ ಕೈಯಲ್ಲೇ ಕೂರಿಸಿದ್ದು. ವರ್ಷಗಟ್ಟಲೆ ಜನ ತುಳಿದು ತುಳಿದು ಸೋಪಿನ ಹಾಗೆ ನುಣ್ಣಗಾಗಿದೆ. ಹೋಗುವವರು ದಯವಿಟ್ಟು ಹಿಡಿತ ಇರುವ ಬೂಟು ಹಾಕಿಕೊಳ್ಳಿ, ಇದನ್ನು ಮಾತ್ರ ಮರೆಯಬೇಡಿ. ಐದನೇ ದಿನ ನಾವು ಅಲ್ಫಾಮಾದ ಇನ್ನೊಂದು ಹಾಸ್ಟೆಲಿಗೆ ಬದಲಾದೆವು. ಅಲ್ಫಾಮಾ ಅಂದರೆ ಹಳೇ ಲಿಸ್ಬನ್. 1755ರ ನವೆಂಬರ್ 1ರಂದು ದೊಡ್ಡ ಭೂಕಂಪ ಆಗಿ, ಸಮುದ್ರ ಉಕ್ಕಿ, ಬೆಂಕಿ ಹತ್ತಿ ಊರಿನ ಬಹುಭಾಗ ನೆಲ ಕಂಡಿತು. ಕೆಳಗಿನ ಬಯ್ಶಾ ಅನ್ನುವ ಭಾಗವನ್ನು ಆಮೇಲೆ ಮಂತ್ರಿ ಪೊಂಬಾಲ್ ನೇರ ನೇರ ಬೀದಿ ಹಾಕಿ ಹೊಸದಾಗಿ ಕಟ್ಟಿಸಿದ. ಅಲ್ಫಾಮಾ ಹೇಗೋ ಉಳಿಯಿತು. ಹಾಗಾಗಿ ಅಲ್ಲಿ ಬೀದಿ ಅಂದರೆ ಮೆಟ್ಟಿಲು, ತಿರುವು, ಮತ್ತೆ ಮೆಟ್ಟಿಲು.

ಆ ಮೆಟ್ಟಿಲ ಅರ್ಧಕ್ಕೆ ನಾನು ಕೂತುಬಿಟ್ಟೆ. ಉಸಿರು ಸಾಲುತ್ತಿರಲಿಲ್ಲ. ತಮ್ಮ ಮೇಲಿಂದ ತಿರುಗಿ ನೋಡಿ, 'ಅಕ್ಕ, ಅದ್ರಲ್ಲಿ ಎಂತ ಕಲ್ಲ್ ತುಂಬ್ಸಿದ್ಯಾ?' ಅಂದ. ನನಗೆ ಸಿಟ್ಟು ಬಂತು. ಅವನಿಗೂ ಬಂತು. ಎಲ್ಲಿಯದೋ ಮಾತು ಎಲ್ಲಿಗೋ ಹೋಯಿತು. ನೀನು ಯಾವಾಗಲೂ ಹೀಗೆ, ನೀನು ಮಾತ್ರ ಏನು, ಮನೆ ಮಾಡು ಸೋರುವಾಗ ನೀ ಎಲ್ಲಿದ್ದೆ, ನನ್ನನ್ನು ಯಾರು ಕೇಳಿದರು. ಎಲ್ಲ ಕುಂದಾಪುರ ಕನ್ನಡದಲ್ಲಿ, ದೊಡ್ಡ ಸ್ವರದಲ್ಲಿ. ಮೇಲಿನ ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತೆವು. ಆಮೇಲೆ ಅವನು ಏನೂ ಹೇಳದೆ ಕೆಳಗೆ ಇಳಿದು ಬಂದು ನನ್ನ ಬ್ಯಾಗು ಎತ್ತಿ ತನ್ನ ಬೆನ್ನಿಗೆ ಹಾಕಿಕೊಂಡ, ತನ್ನದನ್ನು ನನ್ನ ಮಡಿಲಲ್ಲಿ ಇಟ್ಟ. ಹತ್ತಲು ಶುರು ಮಾಡಿದ. ಹದಿನೈದು ವರ್ಷದಿಂದ ಹೊಟ್ಟೆಯಲ್ಲಿದ್ದ ಜಗಳ ಅದು. ಆಡಿ ಮುಗಿಯಲು ಹತ್ತು ನಿಮಿಷ ಸಾಕಾಯಿತು.

ಆ ಸಂಜೆಯಿಂದ ನಮ್ಮ ಮಾತು ಹಗುರವಾಯಿತು. ಒಂದು ಆಟ ಶುರು ಮಾಡಿದೆವು. ಅಂಗಡಿ ಬೋರ್ಡು, ಹೋಟೆಲಿನ ಪಟ್ಟಿ, ಹಾಸ್ಟೆಲಿನ ಹುಡುಗನ ಬಾಯಿ, ಎಲ್ಲಿಂದಾದರೂ ಸರಿ, ನಮ್ಮ ಮನೆಯ ಮಾತು ಹೆಕ್ಕುವುದು. ಅವರ ಮೇಜ಼ ನಮ್ಮ ಮೇಜು. ಅವರ ಶಾವ್ ನಮ್ಮ ಚಾವಿ. ಸಬಾವ್ ಅಂದರೆ ಸಾಬೂನು, ಬಾಲ್ದ್ ಅಂದರೆ ಬಾಲ್ದಿ, ಬಟಾಟ ಅಂದರೆ ನಮ್ಮ ಕರಾವಳಿಯ ಬಟಾಟೆ, ಅನನಾಸ್ ಅಂತೂ ಅನಾನಸೇ. ಇಗ್ರೇಜ, ಅಂದರೆ ಚರ್ಚು, ಅಂತ ಬರೆದದ್ದು ಕಂಡಾಗ ತಮ್ಮ ಬೀದಿಯಲ್ಲೇ 'ಇಗರ್ಜಿ!' ಅಂತ ಕೂಗಿದ. ಕಿಟಕಿಗೆ ಅವರು ಜನೆಲ ಅನ್ನುತ್ತಾರೆ. ನಮ್ಮ ನೆರೆಮನೆಯ ಕೊಂಕಣಿ ಬಾಯಿಯವರು 'ಜನೆಲ್ ಹಾಕು ಮಗಾ, ಮಳೆ ಬಂತು' ಅನ್ನುತ್ತಿದ್ದದ್ದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಈ ಆಟವನ್ನು ನಾನು ಗಂಡನ ಜೊತೆ ಆಡಲು ಆಗುತ್ತಿರಲಿಲ್ಲ ನೋಡಿ. ಆ ಮಳೆ, ಆ ಕಿಟಕಿ, ಆ ಬಾಯಿಯವರು, ಇವೆಲ್ಲ ಗೊತ್ತಿರುವವನು ಈ ಲೋಕದಲ್ಲಿ ಇವನೊಬ್ಬನೇ.

ಬೆಲೆಂ ಅನ್ನುವ ಕಡೆಗೆ 15ನೇ ನಂಬರಿನ ಟ್ರಾಮಿನಲ್ಲಿ ಹೋದೆವು. ಅಲ್ಲಿ ಜೆರೊನಿಮೊಸ್ ಮಠ ಇದೆ. ಕಲ್ಲಿನಲ್ಲಿ ಹಗ್ಗ, ಬಳ್ಳಿ, ಕಡಲ ಜೀವಿ ಎಲ್ಲ ಕೆತ್ತಿದ್ದಾರೆ, ಕಣ್ಣು ತೆಗೆಯಲು ಮನಸ್ಸಾಗುವುದಿಲ್ಲ. ಆಫ್ರಿಕಾದಿಂದ, ಪೂರ್ವ ದೇಶಗಳಿಂದ ಬರುವ ಸರಕಿನ ಮೇಲೆ ನೂರಕ್ಕೆ ಐದರಷ್ಟು ತೆರಿಗೆ ಹಾಕಿ ಆ ದುಡ್ಡಿನಲ್ಲಿ ಕಟ್ಟಿಸಿದ್ದು. ಕಡಲ ವ್ಯಾಪಾರದ ದುಡ್ಡು. ಒಳಗೆ ಕಾಲಿಟ್ಟರೆ ವಾಸ್ಕೊ ಡ ಗಾಮನ ಸಮಾಧಿ. 1497ರಲ್ಲಿ ಇಲ್ಲಿಂದ ಹೊರಟು 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದವನು. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರು ಅವನಿಂದಲೇ ಬಂತು ಅಂತ ಊರಲ್ಲಿ ಹೇಳುತ್ತಾರೆ. ಸಮಾಧಿಯ ಮುಂದೆ ಜನ ಫೋಟೊ ತೆಗೆಯುತ್ತಿದ್ದರು. ನನ್ನ ತಮ್ಮ ಕೈ ಕಟ್ಟಿಕೊಂಡು ನಿಂತಿದ್ದ. ಹೊರಗೆ ಬಂದ ಮೇಲೆ, 'ಇವ್ರ ಜೊತೆ ಹೊಡ್ದಾಡಿದ ಅಬ್ಬಕ್ಕಂಗೂ ಇಲ್ಲೊಂದ್ ಕಲ್ಲ್ ಇರ್ಬೇಕಿತ್' ಅಂದ. ನನಗೂ ಹಾಗೇ ಅನ್ನಿಸಿತ್ತು. ಉಳ್ಳಾಲದ ರಾಣಿಯನ್ನು ನೆನೆಯದೆ ಆ ಊರಿನ ಕಥೆ ಪೂರ್ತಿ ಆಗುವುದಿಲ್ಲ. ಮಠ ಚೆಂದ, ಅದನ್ನು ಕಟ್ಟಿದ ದುಡ್ಡಿನ ದಾರಿ ಚೆಂದ ಅಲ್ಲ. ಎರಡನ್ನೂ ಹೇಳಬೇಕು.

ಸಿಂತ್ರಾಕ್ಕೂ ಒಂದು ದಿನ ಹೋಗಿದ್ದೆವು, ರೊಸಿಯೊ ನಿಲ್ದಾಣದಿಂದ ರೈಲಿನಲ್ಲಿ 40 ನಿಮಿಷ. ಅರಮನೆಗಳು, ವಿಪರೀತ ಜನ. ಅಷ್ಟು ಸಾಕು.

ನಾನು ನಿಮಗೆ ಹೇಳಲೇಬೇಕಾದದ್ದು ಕಾರ್ಮೊ ಚೌಕದ ಸಂಜೆ. ಪಕ್ಕದಲ್ಲೇ ಭೂಕಂಪದಲ್ಲಿ ಮಾಡು ಹಾರಿಹೋದ ಇಗರ್ಜಿ, ಈಗಲೂ ಹಾಗೇ ಬಿಟ್ಟಿದ್ದಾರೆ, ಕಮಾನುಗಳ ಮೇಲೆ ಬರೀ ಆಕಾಶ. ಚೌಕದಲ್ಲಿ ಜಕರಂಡ ಮರಗಳು, ಬೆಂಗಳೂರಿನದೇ ನೇರಳೆ ಹೂ, ನೆಲದ ತುಂಬ ಉದುರಿತ್ತು. ಪೋರ್ಚುಗಲ್ಲಿನಲ್ಲಿ 40 ವರ್ಷಕ್ಕೂ ಮೇಲೆ ಸರ್ವಾಧಿಕಾರ ಇತ್ತು. 1974ರ ಏಪ್ರಿಲ್ 25ರಂದು ಸೈನಿಕರೇ ಅದನ್ನು ಕೆಡವಿದರು, ಪ್ರಧಾನಿ ಕಯ್ತಾನೊ ಶರಣಾದದ್ದು ಇದೇ ಚೌಕದ ಠಾಣೆಯಲ್ಲಿ. ಜನ ಬೀದಿಗೆ ಬಂದು ಬಂದೂಕಿನ ನಳಿಗೆಗೆ ಕೆಂಪು ಕಾರ್ನೇಶನ್ ಹೂ ಸಿಕ್ಕಿಸಿದರು. ಅದೇ ವರ್ಷದ ಕೊನೆಗೆ ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿಕೊಂಡಿತು. ಇದನ್ನೆಲ್ಲ ತಮ್ಮ ಓದಿಕೊಂಡು ಬಂದಿದ್ದ. ಆಮೇಲೆ ಅವನು ಹೇಳಿದ, 'ಹೊರಡಿ ಅಂತ ಸೈನಿಕರಿಗೆ ಸನ್ನೆ ಸಿಕ್ಕಿದ್ದು ಹೇಗೆ ಗೊತ್ತಾ ಅಕ್ಕ? ರೇಡಿಯೊದಲ್ಲಿ. ಮಧ್ಯರಾತ್ರಿ ಕಳೆದು 20 ನಿಮಿಷಕ್ಕೆ ಒಂದು ಹಾಡು ಹಾಕಿದರು. ಅದು ಕೇಳಿದವರು ಹೊರಟರು.'

ಸ್ವಲ್ಪ ಹೊತ್ತು ಬಿಟ್ಟು, 'ಅಪ್ಪನೂ ಕೊನೆಗೆ ರಾತ್ರಿಯೆಲ್ಲ ರೇಡಿಯೊ ಬಂದ್ ಮಾಡಬೇಡ ಅಂತಿದ್ದರು' ಅಂದ.

ನನಗೆ ಗೊತ್ತಿರಲಿಲ್ಲ. ಸಣ್ಣ ಸ್ವರದಲ್ಲಿ ತಲೆದಿಂಬಿನ ಪಕ್ಕ ಇಟ್ಟಿರಬೇಕಿತ್ತಂತೆ. ಹನ್ನೊಂದು ಗಂಟೆಗೆ ಕಾರ್ಯಕ್ರಮ ಮುಗಿದು ಬರೀ ಸುಂಯ್ ಅನ್ನುತ್ತಿದ್ದರೂ ತೆಗೆಯಲು ಬಿಡುತ್ತಿರಲಿಲ್ಲವಂತೆ. ಬೆಳಿಗ್ಗೆ ಮತ್ತೆ ಸ್ವರ ಬರುವವರೆಗೆ ಇವನು ಪಕ್ಕದಲ್ಲಿ ಎಚ್ಚರ ಇರುತ್ತಿದ್ದನಂತೆ, ಎರಡು ತಿಂಗಳು. ಫೋನಿನಲ್ಲಿ 'ಅಡ್ಡಿಲ್ಲ' ಅಂದದ್ದು ಆ ರಾತ್ರಿಗಳ ಮಾರನೇ ದಿನ. 'ಮೊದಲೇ ಯಾಕೆ ಹೇಳಲಿಲ್ಲ' ಅಂದೆ. 'ಹೇಳೂಕೆ ನೀ ಎಲ್ ಕೂಕಂಡಿದ್ದೆ?' ಅಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಿಜ ಇತ್ತು. ನಾನು ಕೂತಿರಲಿಲ್ಲ. ಆ ಚೌಕದಲ್ಲಿ ಕೂತೆವು, ಒಂಬತ್ತು ಗಂಟೆಗೆ ಬೆಳಕು ಹೋಗುವವರೆಗೂ. ಅಲ್ಲಿ ಜೂನಿನಲ್ಲಿ ಸೂರ್ಯ ಮುಳುಗುವುದೇ ಆಗ.

ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬ. ಮಂಗಳೂರಿನ ಕಡೆಯವರಿಗೆ ಈ ಸಂತ ಪರಿಚಯವೇ, ಜೆಪ್ಪುವಿನ ಆಶ್ರಮ ಗೊತ್ತಲ್ವಾ. ಪಾದುವಾದ ಅಂತೋನಿ ಅಂತ ಹೆಸರಾದರೂ ಅವರು ಹುಟ್ಟಿದ್ದು ಲಿಸ್ಬನ್ನಿನಲ್ಲಿ. ಅಲ್ಫಾಮಾದ ಪ್ರತಿ ಓಣಿಗೂ ಬಣ್ಣದ ಕಾಗದದ ತೋರಣ, ಮನೆ ಬಾಗಿಲಲ್ಲೇ ಕೆಂಡ, ಕೆಂಡದ ಮೇಲೆ ಬೂತಾಯಿ. ಉಪ್ಪು ಹಾಕಿ ಸುಟ್ಟದ್ದನ್ನು ದಪ್ಪ ಬ್ರೆಡ್ಡಿನ ಮೇಲೆ ಇಟ್ಟು ಕೊಡುತ್ತಾರೆ, ಮೀನು ತಿಂದಾದ ಮೇಲೆ ಎಣ್ಣೆ ಹೀರಿದ ಬ್ರೆಡ್ಡು ಕೊನೆಗೆ. ಹೊಗೆಗೆ ಕಣ್ಣು ಉರಿಯುತ್ತಿತ್ತು, ಇಡೀ ಊರು ಕುಣಿಯುತ್ತಿತ್ತು.

ಆ ರಾತ್ರಿ ಎಲ್ಲೆಲ್ಲೂ ಒಂದು ಗಿಡ ಮಾರುತ್ತಾರೆ. ಮಂಜೆರಿಕೊ ಅಂತ ಹೆಸರು. ಅಂಗೈ ಅಗಲದ ಕುಂಡ, ಚೆಂಡಿನ ಹಾಗೆ ದುಂಡಗೆ ಬೆಳೆದ ಪುಟ್ಟ ಎಲೆಯ ಗಿಡ, ಅದಕ್ಕೆ ಸಿಕ್ಕಿಸಿದ ಕಾಗದದ ಹೂ, ಒಂದು ಚೀಟಿಯಲ್ಲಿ ನಾಲ್ಕು ಸಾಲಿನ ಪದ್ಯ. ನಮ್ಮ ತುಳಸಿಯ ಹತ್ತಿರದ ನೆಂಟ. ತಮ್ಮ ಬಗ್ಗಿ ಮೂಗು ಹತ್ತಿರ ಒಯ್ದ. ಮಾರುವ ಅಜ್ಜಿ ತಟ್ಟನೆ ಅವನ ಭುಜ ಹಿಡಿದು ಬೇಡ ಬೇಡ ಅಂತ ತಲೆ ಆಡಿಸಿದರು. ಅವನ ಕೈ ತೆಗೆದುಕೊಂಡು ಗಿಡದ ತಲೆಯ ಮೇಲೆ, ಮಗುವಿನ ತಲೆ ಸವರುವ ಹಾಗೆ ಸವರಿಸಿ, ಆ ಅಂಗೈಯನ್ನು ಅವನ ಮೂಗಿಗೆ ಹಿಡಿದರು. ಮೂಗು ಇಟ್ಟರೆ ಗಿಡ ಬಾಡುತ್ತದೆ ಅಂತ ಅಲ್ಲಿನವರ ನಂಬಿಕೆ. ಪ್ರೀತಿಸಿದವರಿಗೆ ಕೊಡುವ ಗಿಡ ಅದು. ತಮ್ಮ ದುಡ್ಡು ಕೊಟ್ಟು ಕುಂಡವನ್ನು ನನ್ನ ಕೈಗೆ ಇಟ್ಟ. ಅಜ್ಜಿ ಇಬ್ಬರ ಮುಖ ನೋಡಿ ಏನೋ ಕೇಳಿದರು. ಅಕ್ಕ ಅನ್ನಲು ಅವರ ಮಾತು ಇರ್ಮಾ, ಅಷ್ಟು ಕಲಿತಿದ್ದ. ಹೇಳಿದ. ಅಜ್ಜಿ ನನ್ನ ಕೆನ್ನೆ ಮುಟ್ಟಿ ನಕ್ಕರು.

ಕುಂಡವನ್ನು ಊರಿಗೆ ತರುವ ಹಾಗಿರಲಿಲ್ಲ. ಕೊನೆಯ ಬೆಳಿಗ್ಗೆ ಹಾಸ್ಟೆಲಿನ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು, ಒಂದು ಲೋಟ ನೀರು ಹಾಕಿ, ಅಲ್ಲಿಯ ಹುಡುಗನಿಗೆ ದಿನಾ ನೀರು ಹಾಕಪ್ಪ ಅಂತ ಸನ್ನೆ ಮಾಡಿ ಹೇಳಿದೆವು. ತಮ್ಮ ಹೋಗುವ ಮುಂಚೆ ಇನ್ನೊಮ್ಮೆ ಗಿಡದ ತಲೆ ಸವರಿದ. ನನ್ನ 13 ಕಿಲೊ ಬ್ಯಾಗು ಅವನ ಬೆನ್ನಿಗೇ ಹೋಯಿತು, ನಾನು ಕೇಳಿರಲಿಲ್ಲ. ಮೆಟ್ರೊದಲ್ಲಿ ಕೂತ ಮೇಲೆ ಅವನು ಅಂಗೈ ಬಿಡಿಸಿ ನನ್ನ ಮೂಗಿನ ಹತ್ತಿರ ಹಿಡಿದ. ವಾಸನೆ ಇನ್ನೂ ಇತ್ತು.