ಫ್ರಾಂಕ್ಲಿನ್ ಬೀದಿಯ ಮರದ ಮನೆ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಹೇಳಹೊರಟಿರುವುದು ಸ್ಯಾನ್ ಫ್ರಾನ್ಸಿಸ್ಕೋದ ಫ್ರಾಂಕ್ಲಿನ್ ಬೀದಿಯಲ್ಲಿರುವ ಒಂದು ಮನೆಯ ವಿಷಯ. ಹೆಸರು ಹಾಸ್-ಲಿಲಿಯೆಂಥಾಲ್ ಮನೆ. ಕಟ್ಟಿದ್ದು 1886ರಲ್ಲಿ, ಅಂದರೆ ವಿಕ್ಟೋರಿಯಾ ರಾಣಿಯ ಕಾಲ. ಕಟ್ಟಿಸಿದವರು ವಿಲಿಯಂ ಹಾಸ್. ಜರ್ಮನಿಯ ಬವೇರಿಯಾದಿಂದ ಬಂದು, ದಿನಸಿಯ ಸಗಟು ವ್ಯಾಪಾರದಲ್ಲಿ ಚೆನ್ನಾಗಿ ದುಡ್ಡು ಮಾಡಿದವರು.

ಬೀದಿಯಲ್ಲಿ ನಿಂತು ನೋಡಿ, ಎಡಕ್ಕೂ ಬಲಕ್ಕೂ ತಾಳಮೇಳವೇ ಇಲ್ಲ. ಒಂದು ಮೂಲೆಯಲ್ಲಿ ಮಾತ್ರ ದುಂಡು ಗೋಪುರ. ಮುಂಭಾಗದಲ್ಲಿ ಕಿಟಕಿಗಳು ಗೋಡೆಯಿಂದ ಆಚೆಗೆ ಚಾಚಿಕೊಂಡಿವೆ. ಇಳಿಜಾರು ಮಾಡುಗಳು ಬೇರೆ ಬೇರೆ ಎತ್ತರದಲ್ಲಿವೆ. ಖಾಲಿ ಗೋಡೆ ಅನ್ನುವುದನ್ನೇ ಬಿಟ್ಟಿಲ್ಲ. ಇದಕ್ಕೆ ಕ್ವೀನ್ ಆನ್ ಶೈಲಿ ಅಂತಾರೆ. ಇಂಗ್ಲೆಂಡಿನಲ್ಲಿ ರಿಚರ್ಡ್ ನಾರ್ಮನ್ ಶಾ ಅಂಥ ವಾಸ್ತುಶಿಲ್ಪಿಗಳು ಬೆಳೆಸಿದ ಶೈಲಿ ಇದು. ಅಲ್ಲಿ ಅದು ಹೆಚ್ಚಾಗಿ ಇಟ್ಟಿಗೆಯಲ್ಲಿತ್ತು, ಕ್ಯಾಲಿಫೋರ್ನಿಯಾಕ್ಕೆ ಬರುವ ಹೊತ್ತಿಗೆ ಪೂರ್ತಿ ಮರದ್ದಾಯಿತು.

ಕಾರಣ ರೆಡ್‌ವುಡ್. ಉತ್ತರ ಕರಾವಳಿಯ ಕಾಡುಗಳಿಂದ ಬರುತ್ತಿದ್ದ ಈ ಮರ ಹಗುರ, ಉಳಿಗೆ ಸುಲಭವಾಗಿ ಬಗ್ಗುತ್ತದೆ, ಬೇಗ ಕೊಳೆಯುವುದೂ ಇಲ್ಲ. ಜೊತೆಗೆ ಹಬೆಯಂತ್ರದ ಮಿಲ್ಲುಗಳು ಬಂದಿದ್ದವು. ಒಬ್ಬ ಬಡಗಿ ಕೂತು ದಿನಗಟ್ಟಲೆ ಕೆತ್ತಬೇಕಿದ್ದ ಕಂಬ, ಸೂರಿನ ಕೆಳಗಿನ ಆಧಾರದ ತುಂಡು, ಮೀನಿನ ಹುರುಪೆಯ ಥರ ಒಂದರ ಮೇಲೊಂದು ಕೂರುವ ಪುಟ್ಟ ಹಲಗೆಗಳು, ಎಲ್ಲವೂ ಮಿಲ್ಲಿನಲ್ಲೇ ತಯಾರಾಗಿ ಬರುತ್ತಿದ್ದವು, ಪಟ್ಟಿ ನೋಡಿ ಬೇಕಾದ್ದು ತರಿಸಿಕೊಂಡರಾಯಿತು. ಹಾಗಾಗಿ ಮಧ್ಯಮ ವರ್ಗದವರ ಬೀದಿಗಳಲ್ಲೂ ಇಂಥ ಅಲಂಕಾರದ ಮನೆಗಳು ಸಾಲಾಗಿ ಎದ್ದವು. ನನಗೆ ಈ ಶೈಲಿಯಲ್ಲಿ ಬಹಳ ಇಷ್ಟವಾಗುವುದೇ ಇದು, ಚೆಂದದ ಮನೆ ಬರೀ ಶ್ರೀಮಂತರ ಸೊತ್ತಾಗಿ ಉಳಿಯಲಿಲ್ಲ.

1906ರ ಏಪ್ರಿಲ್ 18ರಂದು ಈ ಊರಿನಲ್ಲಿ ದೊಡ್ಡ ಭೂಕಂಪ ಆಯಿತಲ್ಲ, ಆಗಲೂ ಈ ಮನೆ ಬೀಳಲಿಲ್ಲ. ಮರದ ಚೌಕಟ್ಟು ನಡುಗುತ್ತದೆ, ಓಲಾಡುತ್ತದೆ, ಆದರೆ ಬರೀ ಇಟ್ಟಿಗೆ ಗೋಡೆಯ ಹಾಗೆ ಒಮ್ಮೆಗೇ ಕುಸಿಯುವುದಿಲ್ಲ. ನಿಜವಾದ ಗಂಡಾಂತರ ಭೂಕಂಪದ ಬೆನ್ನಿಗೇ ಎದ್ದ ಬೆಂಕಿ. ಊರಿನ ಪೂರ್ವ ಭಾಗವನ್ನೆಲ್ಲ ಸುಟ್ಟುಕೊಂಡು ಬಂದ ಬೆಂಕಿಯನ್ನು ತಡೆಯಲು ವ್ಯಾನ್ ನೆಸ್ ರಸ್ತೆಯ ಕಟ್ಟಡಗಳನ್ನು ಡೈನಮೈಟ್ ಇಟ್ಟು ಉಡಾಯಿಸಿದರು. ಅಲ್ಲಿಂದ ಫ್ರಾಂಕ್ಲಿನ್ ಬೀದಿ ಒಂದೇ ಒಂದು ಬೀದಿಯಷ್ಟು ದೂರ!

ಬೆಂಕಿಯಿಂದ ಪಾರಾದ ಎಷ್ಟೋ ಮನೆಗಳನ್ನು ಆಮೇಲೆ ಜನರೇ ಕೆಡವಿದರು. ಎರಡನೇ ಮಹಾಯುದ್ಧದ ನಂತರ ಹೊಸ ಬಡಾವಣೆ ಮಾಡುತ್ತೇವೆ ಅಂತ ಊರಿನ ವೆಸ್ಟರ್ನ್ ಅಡಿಷನ್ ಅನ್ನುವ ಭಾಗದಲ್ಲಿ ಬೀದಿಗಟ್ಟಲೆ ನೆಲಸಮ ಮಾಡಿದರು, ಅಲ್ಲಿದ್ದ ಕಪ್ಪು ಜನರೂ ಜಪಾನಿ ಮೂಲದವರೂ ಎತ್ತಂಗಡಿಯಾದರು. ಇದನ್ನು ನೆನೆದರೆ ಸಂಕಟವಾಗುತ್ತದೆ.

ಹಾಸ್ ಅವರ ಮನೆ ಉಳಿದದ್ದು ಒಂದೇ ಕುಟುಂಬ ಅಲ್ಲಿ ಬದುಕಿದ್ದರಿಂದ. ಮಗಳು ಆಲಿಸ್ ಲಿಲಿಯೆಂಥಾಲ್ 1972ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. 1974ರಲ್ಲಿ ಮನೆಯವರು ಅದನ್ನು ಊರಿನ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಗೆ ದಾನ ಕೊಟ್ಟರು. ಅವರು ಬಳಸಿದ ಪೀಠೋಪಕರಣಗಳು ಇವತ್ತಿಗೂ ಒಳಗಿವೆ.

ಬೇ ಏರಿಯಾದಲ್ಲಿ ನಮ್ಮ ಕನ್ನಡದವರು ಜಾಸ್ತಿ ಅಲ್ವಾ? ಅಪ್ಪ-ಅಮ್ಮ ಊರಿಂದ ಬಂದಾಗ ಗೋಲ್ಡನ್ ಗೇಟ್ ಸೇತುವೆ ತೋರಿಸಿದ ಮೇಲೆ ಇಲ್ಲಿಗೂ ಕರೆದುಕೊಂಡು ಹೋಗಿ. ಒಳಗೆ ಯಾವಾಗ ಬಿಡುತ್ತಾರೆ ಅಂತ ಮುಂಚೆಯೇ ವಿಚಾರಿಸಿಕೊಳ್ಳಿ. ಮೊದಲು ಎದುರಿನ ಫುಟ್‌ಪಾತಿನಲ್ಲಿ ಸ್ವಲ್ಪ ಹೊತ್ತು ನಿಂತು ಗೋಪುರ, ಸೂರು ಎಲ್ಲ ನಿಧಾನವಾಗಿ ನೋಡಿ, ಆಮೇಲೆ ಮೆಟ್ಟಿಲು ಹತ್ತಿ.