ವರ್ಟ್ ಆರಲಿ, ಆಮೇಲೆ ಅಳೆಯೋಣ

ಕೇಳುಗರಿಗೆ ನಮಸ್ಕಾರ.

ಮೈಸೂರು ಪಾಕಿಗೆ ಸಕ್ಕರೆ ಕುದಿಸುವಾಗ ನಮ್ಮಮ್ಮ ಒಂದು ಹನಿಯನ್ನು ಬೆರಳಲ್ಲಿ ಹಿಡಿದು ಎಳೆ ನೋಡುತ್ತಿದ್ದರು. ಇಂಗ್ಲೆಂಡಿನ ನನ್ನ ಅಡುಗೆಮನೆಯಲ್ಲಿ ಬಿಯರ್ ಮಾಡುವಾಗ ನಾನು ಹುಡುಕುವುದೂ ಅದನ್ನೇ. ನೀರಿನಲ್ಲಿ ಸಕ್ಕರೆ ಎಷ್ಟು ಇಳಿದಿದೆ? ಇಲ್ಲಿ ಬೆರಳು ಸಾಲದು, ಹೈಡ್ರೋಮೀಟರ್ ಬೇಕು. ಈ ದೇಶದಲ್ಲಿ 1963ರಿಂದ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. ನಮ್ಮ ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ, ನೆನಪಿರಲಿ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಬಿಸಿನೀರಲ್ಲಿ ನೆನೆಸಿ ಬಸಿದ ಸಿಹಿನೀರೇ ವರ್ಟ್. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಬಿಡುವುದನ್ನು ನೋಡಿದ್ದೀರಲ್ವಾ? ಹೈಡ್ರೋಮೀಟರೂ ಅದೇ ಜಾತಿಯ ಗಾಜಿನ ಕಡ್ಡಿ. ನೀರಲ್ಲಿ 1.000 ತೋರಿಸುತ್ತದೆ. ಸಕ್ಕರೆ ಜಾಸ್ತಿಯಾದಷ್ಟೂ ಕಡ್ಡಿ ಮೇಲೇಳುತ್ತದೆ. ವರ್ಟ್ 1.050 ಇದ್ದು, ಹುಳಿಸಿದ ಮೇಲೆ ಸಕ್ಕರೆ ಆಲ್ಕೋಹಾಲಾಗಿ ಅಂಕಿ 1.010ಕ್ಕೆ ಇಳಿದರೆ ಬಿಯರಿನಲ್ಲಿ ಆಲ್ಕೋಹಾಲು ಸುಮಾರು 5.25 ಪರ್ಸೆಂಟ್.

ನನ್ನ ಮೊದಲ ಬಿಯರು 20 ಲೀಟರ್. ಆತುರ ಬೇರೆ. ವರ್ಟ್ ಇನ್ನೂ 40 ಡಿಗ್ರಿ ಇರುವಾಗಲೇ ಕಡ್ಡಿ ಇಳಿಬಿಟ್ಟೆ. 1.043 ತೋರಿಸಿತು. ಅಯ್ಯೋ, ಸಕ್ಕರೆ ಕಮ್ಮಿಯಾಯ್ತು ಅಂತ ಅರ್ಧ ಕಿಲೋ ಸುರಿದುಬಿಟ್ಟೆ. ಬಿಸಿಯಾದ ದ್ರವ ಹಿಗ್ಗಿ ಹಗುರಾಗುತ್ತದೆ, ಕಡ್ಡಿ ಇನ್ನಷ್ಟು ಮುಳುಗುತ್ತದೆ. ಅದರ ನಿಜವಾದ ಅಳತೆ ಹೆಚ್ಚುಕಮ್ಮಿ 1.049 ಇತ್ತು! ಕೊನೆಗೆ ಸಿಕ್ಕಿದ್ದು ಅಮಲು ಜಾಸ್ತಿ, ಬಾಯಿಗೆ ತೆಳು. ಆ ಬೇಸರ ಇನ್ನೂ ಹೋಗಿಲ್ಲ.

ಈಗಿನ ಹೈಡ್ರೋಮೀಟರುಗಳಲ್ಲಿ ಹೆಚ್ಚಿನವನ್ನು 20 ಡಿಗ್ರಿಗೆ ಹೊಂದಿಸಿರುತ್ತಾರೆ, ಕಡ್ಡಿಯ ಒಳಗಿನ ಚೀಟಿಯಲ್ಲೇ ಬರೆದಿರುತ್ತದೆ. ಲೆಕ್ಕ ಹಾಕಿ ತಿದ್ದುವ ಪಟ್ಟಿಗಳೂ ಉಂಟು. ನನ್ನ ಕೇಳಿದರೆ, ಸ್ವಲ್ಪ ವರ್ಟನ್ನು ಉದ್ದನೆಯ ಜಾಡಿಗೆ ತೆಗೆದು ಮುಚ್ಚಿ ತಣ್ಣೀರಲ್ಲಿ ಇಡಿ. ಆರಿದ ಮೇಲೆ ಅಳೆಯಿರಿ. ಕಡ್ಡಿಯನ್ನು ಬಿಟ್ಟು ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಮೈಗೆ ಅಂಟಿದ ಗುಳ್ಳೆಗಳು ಕಡ್ಡಿಯನ್ನು ಎತ್ತಿಹಿಡಿದಿರುತ್ತವೆ, ತಿರುಗಿದಾಗ ಬಿಡುತ್ತವೆ. ಆಮೇಲೆ ಬಗ್ಗಿ, ಕಣ್ಣನ್ನು ದ್ರವದ ಮಟ್ಟಕ್ಕೇ ತನ್ನಿ. ಗಾಜಿನ ಪಕ್ಕದಲ್ಲಿ ದ್ರವ ಸಣ್ಣಗೆ ಮೇಲೇರಿರುತ್ತದೆ. ಆ ಅಂಚನ್ನು ನೋಡಬೇಡಿ, ಕೆಳಗಿನ ಸಮತಟ್ಟಾದ ಗೆರೆ ಓದಿ. ಮೇಲಿಂದ ನೀರು ಬೆರೆಸಿದ್ದರೆ ಮೊದಲು ಚೆನ್ನಾಗಿ ಕಲಕಿ. ಇಲ್ಲದಿದ್ದರೆ ಸಿಹಿಯೆಲ್ಲ ತಳದಲ್ಲೇ ಕೂತಿರುತ್ತದೆ.

ಇಂಗ್ಲೆಂಡಿನ ಹಲ್ ಊರಿನ ಬಿಯರ್ ತಯಾರಕ ಜಾನ್ ರಿಚರ್ಡ್‌ಸನ್ 1784ರಲ್ಲಿ ಈ ಅಳತೆಯ ಬಗ್ಗೆ ಬರೆದ. ಕಂದು ಮಾಲ್ಟಿಗಿಂತ ತಿಳಿ ಮಾಲ್ಟ್ ಎಷ್ಟೋ ಜಾಸ್ತಿ ಸಕ್ಕರೆ ಬಿಡುತ್ತದೆ ಅಂತ ಅಂಕಿಯಲ್ಲೇ ಗೊತ್ತಾಯಿತು. ಲಂಡನ್ನಿನಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರು ಮಾಡುವ ರೀತಿಯೇ ಬದಲಾಯಿತು. ಒಂದು ಅಳತೆಯ ಕಡ್ಡಿಯಿಂದ!

ಬಾಟಲಿಗೆ ತುಂಬುವ ಮುಂಚೆಯೂ ಅಳೆಯಿರಿ. ಅಳೆಯಲು ತೆಗೆದ ಸ್ವಲ್ಪ ಬಿಯರನ್ನು ಒಂದು ಲೋಟದಿಂದ ಇನ್ನೊಂದಕ್ಕೆ, ಕಾಫಿ ಆರಿಸುವ ಹಾಗೆ, ಹಲವು ಸಲ ಹೊಯ್ದು ಗ್ಯಾಸ್ ಹೋಗಲು ಬಿಡಿ. ಎರಡು ಮೂರು ದಿನ ಅಂಕಿ ಕದಲದಿದ್ದರೆ ಮಾತ್ರ ಮುಚ್ಚಳ ಹಾಕಿ. ಇನ್ನೂ ಇಳಿಯುತ್ತಿರುವ ಬಿಯರನ್ನು ಮುಚ್ಚಿದರೆ ಬಾಟಲಿ ಸಿಡಿಯುತ್ತದೆ, ಗಾಜು ಮುಖಕ್ಕೇ ಹಾರಬಹುದು.

ನಮಸ್ಕಾರ.